ಪಿವೋಟ್ ಎಲ್ಲಿಡಬೇಕು? ಆಂಚಿಲೊಟ್ಟಿ ಮನೆತನದ ಮೋಟರ್‌ಸೈಕಲ್ಲು, ಮೌಂಟನ್ ಬೈಕು

ಆಂಚಿಲೊಟ್ಟಿ ಎಂಬ ಹೆಸರನ್ನು ಇಂಗ್ಲೆಂಡಿನ ಹಳೆಯ ಸ್ಕೂಟರ್ ಪ್ರಿಯರು ಲ್ಯಾಂಬ್ರೆಟಾದ ಒಂದು ಸೀಟಿನ ಹೆಸರಾಗಿ ಬಲ್ಲರು. ಇಟಲಿಯಲ್ಲಿ ಐವತ್ತು ದಾಟಿದವರಿಗೆ ಅದು ಹದಿಹರೆಯದಲ್ಲಿ ಆಸೆಪಟ್ಟ ಮಣ್ಣುಹಾದಿಯ ಗಾಡಿಯ ಹೆಸರು. ಇಳಿಜಾರಿನಲ್ಲಿ ಡೌನ್‌ಹಿಲ್ ಸೈಕಲ್ ಓಡಿಸುವವರಿಗೆ ಕೈಯಲ್ಲೇ ಬೆಸೆದು, ಸವಾರನ ಅಳತೆಗೆ ತಯಾರಾಗುವ ಫ್ರೇಮಿನ ಹೆಸರು. ಮೂರೂ ಟಸ್ಕನಿಯ ಫ್ಲಾರೆನ್ಸ್ ಸೀಮೆಯ ಒಂದೇ ಮನೆಯಿಂದ ಬಂದವು. ಈ ಮೂರು ಕೆಲಸಗಳ ನಡುವೆ ಏನು ಸಂಬಂಧ ಎಂಬುದೇ ಇವತ್ತಿನ ಉಪನ್ಯಾಸದ ವಿಷಯ. ಹೋಗ್ತಾ ಹೋಗ್ತಾ, ಇಂಥ ಗಾಡಿಯನ್ನು ಇಟ್ಟುಕೊಂಡವರು ಅದನ್ನು ನೋಡಿಕೊಳ್ಳುವ ಬಗೆಯನ್ನೂ ಹೇಳುತ್ತೇವೆ.

ನಮ್ಮ ವಾದವನ್ನು ಮೊದಲೇ ಹೇಳಿಬಿಡೋಣ. ಈ ಮನೆತನ ಎಂಜಿನ್ ಮಾಡಲಿಲ್ಲ. ಅದು ಹೊರಗಿನಿಂದ ಬಂತು. ಫೋರ್ಕು, ಕಾರ್ಬೊರೇಟರು, ಹಬ್ಬು, ಟೈರು ಎಲ್ಲವೂ ಹೊರಗಿನವೇ. ಸ್ವಂತದ್ದು ಅಂತ ಉಳಿದದ್ದು ಮುಖ್ಯವಾಗಿ ಎರಡು: ಸ್ವಿಂಗ್‌ಆರ್ಮ್ (ಹಿಂದಿನ ಚಕ್ರವನ್ನು ಹಿಡಿದು ಮೇಲೆ ಕೆಳಗೆ ಆಡುವ ತೋಳು) ತಿರುಗುವ ಪಿವೋಟ್, ಅಂದರೆ ಕೀಲು, ಎಲ್ಲಿರಬೇಕು ಎಂಬ ತೀರ್ಮಾನ, ಚಕ್ರದ ಪೆಟ್ಟು ಅದನ್ನು ತಡೆಯುವ ಷಾಕ್‌ಗೆ ಯಾವ ದಾರಿಯಲ್ಲಿ ಹೋಗಬೇಕು ಎಂಬ ತೀರ್ಮಾನ. ಮೋಟರ್‌ಸೈಕಲ್ಲಿನಿಂದ ಸೈಕಲ್ಲಿಗೆ ದಾಟಿ ಬಂದದ್ದು ಈ ಎರಡೇ. ಈ ಮನೆಯ ಪರಂಪರೆ ಅಂದರೆ ನಮ್ಮ ಪ್ರಕಾರ ಅದೇ.

ಶುರುವಾದದ್ದು 1960ರ ದಶಕದಲ್ಲಿ, ಲ್ಯಾಂಬ್ರೆಟಾ ಸ್ಕೂಟರುಗಳನ್ನು ಟ್ಯೂನ್ ಮಾಡುವ ಕೆಲಸದಿಂದ. ಲ್ಯಾಂಬ್ರೆಟಾ ನಮಗೂ ಹೊಸದಲ್ಲ. ಮಿಲಾನಿನ ಇನ್ನೊಚೆಂಟಿ ಕಂಪನಿ 1971ರಲ್ಲಿ ಅದರ ತಯಾರಿಕೆ ನಿಲ್ಲಿಸಿದ ಮೇಲೆ ಯಂತ್ರೋಪಕರಣಗಳನ್ನು ಕೊಂಡು ತಂದದ್ದು ಭಾರತ ಸರ್ಕಾರ. ಲಕ್ನೋದ ಸ್ಕೂಟರ್ಸ್ ಇಂಡಿಯಾ ಅದರಿಂದ ವಿಜಯ್ ಸೂಪರ್ ಮಾಡಿತು. ಇವತ್ತಿಗೂ ಯೂರೋಪಿನ ಎಷ್ಟೋ ಹಳೆಯ ಲ್ಯಾಂಬ್ರೆಟಾಗಳ ಹೊಟ್ಟೆಯಲ್ಲಿ ಲಕ್ನೋದ ಬಿಡಿಭಾಗಗಳಿವೆ. ಆಂಚಿಲೊಟ್ಟಿಯವರು ಆ ಸ್ಕೂಟರುಗಳಿಗೆ ಟ್ಯೂನಿಂಗ್ ಸಾಮಾನನ್ನೂ, ಹಿಂದಕ್ಕೆ ಇಳಿಜಾರಾದ ಉದ್ದನೆಯ ಸೀಟನ್ನೂ ಮಾಡಿದರು. ಬ್ರಿಟನ್ನಿನ ಸ್ಕೂಟರ್ ಸಂಘಗಳಲ್ಲಿ ಆ ಸೀಟು ಎಷ್ಟು ಹೆಸರಾಯಿತೆಂದರೆ, ಬೇರೆಯವರು ಮಾಡಿದ ನಕಲುಗಳನ್ನೂ ಇದೇ ಹೆಸರಿನಲ್ಲಿ ಮಾರುತ್ತಾರೆ.

ಟೂ-ಸ್ಟ್ರೋಕ್ ಎಂಜಿನ್ನಿನ ಕೆಲಸ ಕಲಿತ ಕೈಗಳು ಮುಂದೆ ಪೂರ್ತಿ ಗಾಡಿ ಕಟ್ಟಲು ಹೊರಟವು. ಆಲ್ಬರ್ಟೊ, ಪಿಯೆರೊ ಎಂಬ ಸಹೋದರರ ಕಾಲ ಇದು. ಅದಕ್ಕೆ ಇಟಲಿಯ ಕಾನೂನೂ ಅನುಕೂಲವಾಗಿತ್ತು. 14 ವರ್ಷ ತುಂಬಿದವರು 50 ಸಿಸಿ ಗಾಡಿ ಓಡಿಸಬಹುದಿತ್ತು, 16 ತುಂಬಿದರೆ 125. ಹಾಗಾಗಿ ಈ ಎರಡು ಅಳತೆಯ ಗಾಡಿಗಳಿಗೆ ಗಿರಾಕಿಗಳಿಗೆ ಬರವಿರಲಿಲ್ಲ. ಬಿಡಿಭಾಗ ಮಾಡುವ ಕಾರ್ಖಾನೆಗಳೂ ಸುತ್ತಮುತ್ತ ಇದ್ದವು: ಬೊಲೊನ್ಯದಿಂದ ಮಿನರೆಲ್ಲಿ ಮತ್ತು ಫ್ರಾಂಕೊ ಮೊರಿನಿ ಎಂಜಿನ್ನು, ಅದೇ ಊರಿನ ಮರ್ಜೊಕ್ಕಿ ಫೋರ್ಕು, ಡೆಲ್‌ಒರ್ಟೊ ಕಾರ್ಬೊರೇಟರು, ಗ್ರಿಮೆಕಾ ಹಬ್ಬು. ಜರ್ಮನಿಯಿಂದ ಸಾಕ್ಸ್ ಎಂಜಿನ್ನು. ಒಂದು ಶೆಡ್ಡು, ಟ್ಯೂಬ್ ಬಗ್ಗಿಸುವ ಯಂತ್ರ, ಬೆಸುಗೆಗೆ ಟ್ಯೂಬುಗಳನ್ನು ಹಿಡಿದಿಡುವ ಜಿಗ್ಗು, ಪಳಗಿದ ಕೈ ಇದ್ದರೆ ಗಾಡಿ ಕಂಪನಿ ಶುರು ಮಾಡಬಹುದಿತ್ತು. ಎಷ್ಟೋ ಮನೆಗಳು ಹಾಗೇ ಶುರು ಮಾಡಿದವು, ಹೆಚ್ಚಿನವು ಹೆಸರಿಲ್ಲದೆ ಹೋದವು. ಸ್ಕ್ಯಾರಬ್ ಎಂಬ ಹೆಸರಿನಲ್ಲಿ ಬಂದ ಆಂಚಿಲೊಟ್ಟಿ ಗಾಡಿಗಳು ಉಳಿದುಕೊಂಡವು.

ಯಾಕೆ ಉಳಿದವು? ಎಲ್ಲರೂ ಅದೇ ಎಂಜಿನ್ ಹಾಕುತ್ತಿದ್ದಾಗ ಗೆಲುವು ಸೋಲು ನಿರ್ಧಾರವಾಗುತ್ತಿದ್ದದ್ದು ಚಾಸಿಯಲ್ಲಿ, ಅಂದರೆ ಎಂಜಿನ್ನು, ಚಕ್ರಗಳನ್ನು ಹಿಡಿದಿಡುವ ಹಂದರದಲ್ಲಿ. 125 ಸಾಕ್ಸ್ ಎಂಜಿನ್ ತಗೊಳ್ಳಿ. ಬೋರ್ (ಸಿಲಿಂಡರಿನ ಅಗಲ) 54 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) 54 ಮಿ.ಮೀ., ಒಟ್ಟು 123.7 ಸಿಸಿ. ಚೈನು ಹೊರಡುವ ಚಿಕ್ಕ ಸ್ಪ್ರಾಕೆಟ್ (ಹಲ್ಲುಚಕ್ರ) ಎಂಜಿನ್ನಿನ ಹೊರಮೈಯಲ್ಲಿ ಎಲ್ಲಿದೆಯೋ ಅಲ್ಲೇ ಇದೆ, ಅದನ್ನು ಬದಲಿಸಲು ಬರುವುದಿಲ್ಲ. ಹಾಗಾದರೆ ಸ್ವಿಂಗ್‌ಆರ್ಮಿನ ಪಿವೋಟ್ ಅದರಿಂದ ಎಷ್ಟು ಹಿಂದೆ, ಎಷ್ಟು ಕೆಳಗೆ ಇರಬೇಕು? ಇದನ್ನು ಫ್ರೇಮ್ ಮಾಡುವವನೇ ನಿರ್ಧರಿಸಬೇಕು.

ಇಲ್ಲೊಂದು ಲೆಕ್ಕ ಹಾಕಿ ನೋಡೋಣ. ಸ್ಪ್ರಾಕೆಟ್ಟಿನ ನಡುವಿನಿಂದ ಪಿವೋಟಿಗೆ 80 ಮಿ.ಮೀ., ಪಿವೋಟಿನಿಂದ ಹಿಂದಿನ ಆಕ್ಸೆಲ್ಲಿಗೆ 520 ಮಿ.ಮೀ. ಅಂತಿಟ್ಟುಕೊಳ್ಳಿ. ಮೂರೂ ಒಂದೇ ಗೆರೆಯಲ್ಲಿ ಬಂದಾಗ ಸ್ಪ್ರಾಕೆಟ್ಟಿನಿಂದ ಆಕ್ಸೆಲ್ಲಿಗೆ 600 ಮಿ.ಮೀ. ಚೈನು ಅತಿ ಬಿಗಿಯಾಗುವುದು ಈ ಘಳಿಗೆಯಲ್ಲೇ. ಸ್ವಿಂಗ್‌ಆರ್ಮ್ ಆ ಗೆರೆಯಿಂದ 15 ಡಿಗ್ರಿ ಕೆಳಗಿಳಿದರೆ ದೂರ 597.6ಕ್ಕೆ ಬರುತ್ತದೆ. ಬರೀ 2.4 ಮಿ.ಮೀ. ವ್ಯತ್ಯಾಸ, ಆದರೆ ಅಷ್ಟಕ್ಕೇ ಚೈನಿನ ಒಂದು ಬದಿ ನಡುವಿನಲ್ಲಿ 30 ಮಿ.ಮೀ.ಗೂ ಹೆಚ್ಚು ಜೋಲುತ್ತದೆ. ಗಾಡಿ ಸ್ಟ್ಯಾಂಡಿನ ಮೇಲಿದ್ದಾಗ ಚೈನು ಸಡಿಲವಾಗಿ ಕಂಡಿತೆಂದು ಎಳೆದು ಬಿಗಿ ಮಾಡಿದರೆ, ಸಸ್ಪೆನ್ಷನ್ ಅರ್ಧ ಕುಗ್ಗಿದ ಕೂಡಲೇ ಚೈನು ತಂತಿಯಂತೆ ಬಿಗಿದು ನಿಲ್ಲುತ್ತದೆ. ಮೊದಲು ಹೋಗುವುದು ಗೇರ್‌ಬಾಕ್ಸಿನ ಹೊರ ಶಾಫ್ಟಿನ ಬೇರಿಂಗು, ಆಮೇಲೆ ಅದರ ಆಯಿಲ್ ಸೀಲು. ಹಳೆಯ ಗಾಡಿಗಳಲ್ಲಿ ಸ್ಪ್ರಾಕೆಟ್ಟಿನ ಹಿಂದೆ ಆಯಿಲ್ ಸೋರುವುದು ಎಷ್ಟೋ ಸಲ ಸೀಲಿನ ತಪ್ಪಲ್ಲ, ಚೈನು ಬಿಗಿಮಾಡಿದವರ ತಪ್ಪು.

ಸರಿಯಾದ ಕ್ರಮ ಇದು. ಹಿಂದಿನ ಷಾಕ್‌ಗಳನ್ನು ಕಳಚಿ. ಸ್ವಿಂಗ್‌ಆರ್ಮನ್ನು ಕೈಯಲ್ಲಿ ಎತ್ತಿ ಸ್ಪ್ರಾಕೆಟ್, ಪಿವೋಟ್, ಆಕ್ಸೆಲ್ ಮೂರನ್ನೂ ಒಂದು ಗೆರೆಗೆ ತನ್ನಿ. ಉದ್ದನೆಯ ಸ್ಕೇಲು ಹಿಡಿದು ನೋಡಿದರೆ ಗೊತ್ತಾಗುತ್ತದೆ. ಆ ಸ್ಥಿತಿಯಲ್ಲಿ ಚೈನಿನ ನಡುವೆ 10ರಿಂದ 15 ಮಿ.ಮೀ. ಆಟ ಬಿಡಿ. ಷಾಕ್ ಮತ್ತೆ ಹಾಕಿ, ಗಾಡಿ ಸ್ಟ್ಯಾಂಡಿನ ಮೇಲಿರುವಾಗ ಎಷ್ಟು ಜೋಲುತ್ತದೆ ಎಂದು ಅಳೆದು ಬರೆದಿಟ್ಟುಕೊಳ್ಳಿ. ಮುಂದಿನ ಸಲದಿಂದ ಆ ಅಳತೆ ಸಾಕು, ಷಾಕ್ ಕಳಚಬೇಕಿಲ್ಲ.

1970ರ ದಶಕದ ಆರಂಭದಲ್ಲಿ ಹಿಂದಿನ ಚಕ್ರದ ಚಲನೆ ಸುಮಾರು 100 ಮಿ.ಮೀ. ಇತ್ತು. ದಶಕ ಮುಗಿಯುವ ಹೊತ್ತಿಗೆ ಅದು 300ರ ಹತ್ತಿರ ಬಂತು. ಹಾಗೆ ಹೆಚ್ಚಿಸಲು ಎಲ್ಲರೂ ಮೊದಲು ಮಾಡಿದ್ದು ಎರಡು ಬದಿಯ ಷಾಕ್‌ಗಳನ್ನು ಮುಂದಕ್ಕೆ ತಂದು ಓರೆಯಾಗಿ ಮಲಗಿಸಿದ್ದು. ಅದರಿಂದ ಚಲನೆ ಸಿಕ್ಕಿತು, ತೊಂದರೆಯೂ ಬಂತು. ಷಾಕ್ ಪಿವೋಟಿಗೆ ಹತ್ತಿರವಾದಷ್ಟೂ ಚಕ್ರ ಹೆಚ್ಚು, ಷಾಕ್ ಕಮ್ಮಿ ಚಲಿಸುತ್ತವೆ. ಅದೇ ಕೆಲಸಕ್ಕೆ ಷಾಕ್ ಹೆಚ್ಚು ಬಲ ತಡೆಯಬೇಕು. ಒಳಗಿನ ಸ್ವಲ್ಪ ಆಯಿಲ್ ಕಾದು, ಗಾಳಿಯ ಜೊತೆ ಸೇರಿ ನೊರೆಯಾಗುತ್ತದೆ. ನೊರೆಗೆ ತಡೆಯುವ ಶಕ್ತಿಯಿಲ್ಲ. ಹತ್ತು ನಿಮಿಷ ಚೆನ್ನಾಗಿದ್ದ ಗಾಡಿ ಆಮೇಲೆ ಚೆಂಡಿನಂತೆ ಪುಟಿಯತೊಡಗುತ್ತದೆ. ಗ್ಯಾಸ್ ತುಂಬಿದ ಪ್ರತ್ಯೇಕ ಡಬ್ಬಿಯುಳ್ಳ ಷಾಕ್‌ಗಳು ಬಂದದ್ದು ಇದನ್ನು ತಡೆಯಲಿಕ್ಕೆ.

ಇನ್ನೊಂದು ದಾರಿ ಒಂದೇ ಷಾಕ್ ಇಡುವುದು. ಯಮಹಾ 1973ರಲ್ಲಿ ಇಂಥ ಹಿಂಬದಿಯ ಗಾಡಿಯಿಂದ 250 ಸಿಸಿ ಮೋಟೋಕ್ರಾಸ್ (ಮಣ್ಣುಹಾದಿಯ ರೇಸು) ವಿಶ್ವ ಪ್ರಶಸ್ತಿ ಗೆದ್ದಿತ್ತು, ಸವಾರ ಸ್ವೀಡನ್ನಿನ ಹೋಕನ್ ಆಂಡರ್ಸನ್. 1980ರ ಆಸುಪಾಸಿನಲ್ಲಿ ಕವಾಸಕಿ, ಸುಜುಕಿ, ಹೋಂಡಾ ಮೂವರೂ ಷಾಕ್ ಮತ್ತು ಸ್ವಿಂಗ್‌ಆರ್ಮ್ ನಡುವೆ ಲಿಂಕು, ಅಂದರೆ ಕೀಲುಗಳಿರುವ ಸಣ್ಣ ತೋಳುಗಳ ಜೋಡಣೆ, ತಂದರು. ಟಸ್ಕನಿಯ ಸಣ್ಣ ಮನೆ ಇದಕ್ಕೆ ಕೊಟ್ಟ ಉತ್ತರ ಪುಲ್ ಶಾಕ್. ಅದರ ಹಂದರ ಸರಳ: ಸ್ವಿಂಗ್‌ಆರ್ಮಿಗೆ ಒಂದೇ ಪಿವೋಟು, ಚಕ್ರ ಮೇಲೇರಿದಾಗ ಸರಳುಗಳು ಒಂದು ರಾಕರನ್ನು (ನಡುವೆ ಕೀಲಿರುವ ಎರಡು ತೋಳಿನ ತುಂಡನ್ನು) ಎಳೆಯುತ್ತವೆ, ರಾಕರ್ ತಿರುಗಿ ಷಾಕನ್ನು ಒತ್ತುತ್ತದೆ. ನೂಕುವ ಸರಳು ಬಾಗಿ ಹೋಗಬಾರದೆಂದರೆ ದಪ್ಪಗಿರಬೇಕು. ಎಳೆಯುವ ಸರಳಿಗೆ ಆ ಭಯವಿಲ್ಲ, ತೆಳ್ಳಗೆ ಹಗುರಾಗಿ ಮಾಡಬಹುದು. ರಾಕರಿನ ಎರಡು ತೋಳುಗಳ ಅಳತೆ, ಕೋನ ಬದಲಿಸಿದರೆ ಷಾಕ್ ಮೊದಲು ಮೆತ್ತಗೆ, ಕೊನೆಗೆ ಗಟ್ಟಿಯಾಗುವಂತೆ ಬೇಕಾದ ಹಾಗೆ ಹದ ಮಾಡಿಕೊಳ್ಳಬಹುದು. ಈ ಹದವೇ ಮುಂದೆ ಸೈಕಲ್ಲಿಗೆ ಬಂದ ಬಂಡವಾಳ.

1980ರ ದಶಕದ ಮಧ್ಯದಲ್ಲಿ ಮೋಟರ್‌ಸೈಕಲ್ ತಯಾರಿಕೆ ನಿಂತಿತು. ಜಪಾನಿನವರು ಪ್ರತಿ ವರ್ಷ ಹೊಸ ಎಂಜಿನ್ನು, ಹೊಸ ಚಾಸಿ ತರುತ್ತಿದ್ದರು. ಎಂಜಿನ್ ಕೊಂಡು ಕಟ್ಟುವ ಮನೆಗಳಿಗೆ ಆ ಓಟಕ್ಕೆ ಸಮನಾಗಿ ಓಡಲು ಆಗಲಿಲ್ಲ. ಅದೇ ಟಸ್ಕನಿಯ ಇನ್ನೊಂದು ಮನೆ, ಬೀಟಾ, ಬೇರೆ ದಾರಿ ಹಿಡಿದು ಉಳಿಯಿತು. ಜುಸೆಪ್ಪೆ ಬಿಯಾಂಕಿ ಫ್ಲಾರೆನ್ಸಿನಲ್ಲಿ ಸೈಕಲ್ ಮಾಡುವ ಅಂಗಡಿಯಾಗಿ ಶುರು ಮಾಡಿದ್ದ ಅದು ಎರಡನೇ ಮಹಾಯುದ್ಧದ ನಂತರ ಮೋಟರ್‌ಸೈಕಲ್ಲಿಗೆ ಬಂತು. ಟ್ರಯಲ್ ಗಾಡಿಗಳಲ್ಲಿ (ಕಾಲೂರದೆ ಬಂಡೆ, ಅಡೆತಡೆಗಳನ್ನು ದಾಟುವ ಸ್ಪರ್ಧೆಯ ಗಾಡಿಗಳು) ಗಟ್ಟಿಯಾಗಿ ನೆಲೆಯೂರಿ, ಮುಂದೆ ತನ್ನದೇ ಎಂಜಿನ್ ಮಾಡಿಕೊಂಡಿತು. ಇವತ್ತೂ ರಿನ್ಯಾನೊ ಸುಲ್ಲಾರ್ನೊದಲ್ಲಿ ಮೋಟರ್‌ಸೈಕಲ್ ತಯಾರಿಸುತ್ತಿದೆ. ಒಂದು ಮನೆ ಸೈಕಲ್ಲಿನಿಂದ ಮೋಟರ್‌ಸೈಕಲ್ಲಿಗೆ, ಇನ್ನೊಂದು ಮೋಟರ್‌ಸೈಕಲ್ಲಿನಿಂದ ಸೈಕಲ್ಲಿಗೆ. ಟಸ್ಕನಿಯ ಲೋಹದ ಕೆಲಸಗಾರರಿಗೆ ಈ ಎರಡರ ನಡುವಿನ ಗೋಡೆ ಯಾವತ್ತೂ ಎತ್ತರದ್ದಾಗಿರಲಿಲ್ಲ.

1990ರ ದಶಕದಲ್ಲಿ ಮೌಂಟನ್ ಬೈಕುಗಳಿಗೆ ಸಸ್ಪೆನ್ಷನ್ ಬಂದಾಗ, ಆ ಕೆಲಸ ಬಲ್ಲವರು ಮೋಟೋಕ್ರಾಸ್‌ನಿಂದ ಬಂದವರೇ. ಮರ್ಜೊಕ್ಕಿ ತನ್ನ ಮೋಟರ್‌ಸೈಕಲ್ ಫೋರ್ಕಿನ ಆಯಿಲ್ ತುಂಬಿದ, ಸ್ಪ್ರಿಂಗ್ ಇರುವ ವಿನ್ಯಾಸವನ್ನೇ ಚಿಕ್ಕದು ಮಾಡಿ 1997ರ ಮಾದರಿಯಾಗಿ ಬಾಂಬರ್ ಫೋರ್ಕ್ ತಂದಿತು, ಅದು ಇಡೀ ಸೈಕಲ್ ಲೋಕವನ್ನು ಬದಲಿಸಿತು. ಆಲ್ಬರ್ಟೊ ಆಂಚಿಲೊಟ್ಟಿ ಡೌನ್‌ಹಿಲ್ ಸೈಕಲ್ಲಿನ ಫ್ರೇಮಿಗೆ ಕೈಹಾಕಿದರು. ಮಗ ಟೊಮಾಜೊ ಅದೇ ಸೈಕಲ್ ಮೇಲೆ ರೇಸು ಓಡಿಸಿ, ಮುಂದೆ ಆ ಕೆಲಸವನ್ನೇ ಹೊತ್ತುಕೊಂಡರು. ಸ್ಕ್ಯಾರಬ್ ಹೆಸರೂ ಮರಳಿ ಬಂತು, ಪುಲ್ ಶಾಕೂ ಬಂತು.

ಇಲ್ಲಿ ಲೆಕ್ಕ ಬೇರೆ. ಮೋಟರ್‌ಸೈಕಲ್ಲಿನಲ್ಲಿ ಗಾಡಿ ಸವಾರನಿಗಿಂತ ಭಾರ. ಸೈಕಲ್ಲಿನಲ್ಲಿ ಸವಾರನೇ ಗಾಡಿಯ ನಾಲ್ಕೈದು ಪಟ್ಟು ಭಾರ. ಹಾಗಾಗಿ ಸ್ಪ್ರಿಂಗಿನ ಆಯ್ಕೆ ಸವಾರನ ತೂಕದ ಮೇಲೆಯೇ ನಿಂತಿದೆ. ಇದರಲ್ಲಿ ಬಹಳ ಮಂದಿ ಎಡವುವ ಜಾಗ ಒಂದಿದೆ, ನಿಧಾನವಾಗಿ ನೋಡೋಣ.

ಹಿಂದಿನ ಚಕ್ರದ ಚಲನೆ 200 ಮಿ.ಮೀ., ಷಾಕ್‌ನ ಚಲನೆ 76 ಮಿ.ಮೀ. ಇದ್ದರೆ ಸರಾಸರಿ ಅನುಪಾತ 2.63. ಸವಾರ, ಹೆಲ್ಮೆಟ್ಟು, ಪ್ಯಾಡು ಸೇರಿ 80 ಕೆ.ಜಿ. ಅದರ ನೂರಕ್ಕೆ 65 ಭಾಗ ಹಿಂದಕ್ಕೆ ಬಿದ್ದರೆ 52 ಕೆ.ಜಿ., ಫ್ರೇಮಿನ ಪಾಲು 6 ಕೆ.ಜಿ. ಸೇರಿಸಿ 58. ಸವಾರ ಹತ್ತಿ ನಿಂತಾಗ ಚಕ್ರದ ಚಲನೆಯ ನೂರಕ್ಕೆ 30ರಷ್ಟು, ಅಂದರೆ 60 ಮಿ.ಮೀ. ಕುಗ್ಗಬೇಕು. ಸರಾಸರಿ ಅನುಪಾತ ಹಿಡಿದು ಲೆಕ್ಕ ಹಾಕಿದರೆ ಇಂಚಿಗೆ ಸುಮಾರು 375 ಪೌಂಡಿನ ಸ್ಪ್ರಿಂಗು ಬರುತ್ತದೆ. ಆದರೆ ಲಿಂಕಿರುವ ಹಿಂಬದಿಯಲ್ಲಿ ಅನುಪಾತ ಒಂದೇ ಸಮ ಇರುವುದಿಲ್ಲ. ಆರಂಭದ ಭಾಗದಲ್ಲಿ ಅದು 2.8 ಇದೆ ಅನ್ನಿ. ಆಗ ಷಾಕ್ ಕುಗ್ಗುವುದು 21.4 ಮಿ.ಮೀ., ಅದರ ಮೇಲಿನ ಭಾರ 162 ಕೆ.ಜಿ., ಬೇಕಾದ ಸ್ಪ್ರಿಂಗು 425 ಪೌಂಡು. 50 ಪೌಂಡಿನ ವ್ಯತ್ಯಾಸ ಅಂದರೆ ಅಂಗಡಿಯಲ್ಲಿ ಸಿಗುವ ಸ್ಪ್ರಿಂಗುಗಳಲ್ಲಿ ಪೂರ್ತಿ ಒಂದು ಮೆಟ್ಟಿಲು. ಸರಾಸರಿಯ ಸ್ಪ್ರಿಂಗು ಹಾಕಿದವರು ಸೈಕಲ್ ಹಿಂದೆ ಕೂತುಬಿಡುತ್ತದೆ ಎಂದು ದೂರುತ್ತಾರೆ. ಆಮೇಲೆ ಮೇಲಿನ ರಿಂಗನ್ನು ತಿರುಗಿಸಿ ತಿರುಗಿಸಿ ಸ್ಪ್ರಿಂಗನ್ನು ಬಿಗಿ ಮಾಡುತ್ತಾರೆ. ಅದರಿಂದ ಎತ್ತರ ಬರುತ್ತದೆ, ಗಟ್ಟಿತನ ಬರುವುದಿಲ್ಲ. ಸಣ್ಣ ಕಲ್ಲುಗಳ ಮೇಲೆ ಚಕ್ರ ನೆಲ ಬಿಟ್ಟು ಕುಣಿಯುತ್ತದೆ. ರಿಂಗ್ ಸ್ಪ್ರಿಂಗಿಗೆ ತಾಗಿದ ಮೇಲೆ ಎರಡು ಸುತ್ತಿಗಿಂತ ಹೆಚ್ಚು ಬೇಕಾಯಿತೆಂದರೆ ಸ್ಪ್ರಿಂಗೇ ತಪ್ಪು.

ಮೋಟರ್‌ಸೈಕಲ್ಲಿಗೂ ಇದೇ ಪರೀಕ್ಷೆ, ಅಳತೆ ಮಾತ್ರ ಬೇರೆ. 300 ಮಿ.ಮೀ. ಚಲನೆಯ ಗಾಡಿ ಸವಾರ ಕೂತಾಗ ಸುಮಾರು 100 ಮಿ.ಮೀ., ಸವಾರನಿಲ್ಲದೆ ತನ್ನ ಭಾರಕ್ಕೇ 30ರಿಂದ 40 ಮಿ.ಮೀ. ಇಳಿಯಬೇಕು. ಮೊದಲನೆಯದನ್ನು 100ಕ್ಕೆ ಹೊಂದಿಸಿದ ಮೇಲೆ ಎರಡನೆಯದು 30ಕ್ಕಿಂತ ಕಮ್ಮಿ ಬಂದರೆ ಸ್ಪ್ರಿಂಗು ಮೆದು, 40ಕ್ಕಿಂತ ಹೆಚ್ಚು ಬಂದರೆ ಗಟ್ಟಿ. ಉಲ್ಟಾ ಅನ್ನಿಸಬಹುದು. ಮೆದು ಸ್ಪ್ರಿಂಗನ್ನು ಸವಾರನ ಭಾರಕ್ಕೆ ಸರಿಹೊಂದಿಸಲು ಮೊದಲೇ ಬಹಳ ಬಿಗಿಮಾಡಿರುತ್ತೀರಿ, ಹಾಗಾಗಿ ಗಾಡಿಯ ಭಾರಕ್ಕೆ ಅದು ಜಗ್ಗುವುದೇ ಇಲ್ಲ.

ಸೈಕಲ್ಲಿನಲ್ಲಿ ಪಿವೋಟಿನ ಜಾಗ ಇನ್ನೂ ಸೂಕ್ಷ್ಮ. ಚೈನು ಎಳೆಯುವುದು ಕಾಲು, ಮತ್ತು ಚೈನು ಉದ್ದವಾಗಬೇಕಾಗಿ ಬಂದರೆ ಪೆಡಲ್ ಹಿಂದಕ್ಕೆ ತಿರುಗಿ ಆ ಪೆಟ್ಟು ನೇರ ಪಾದಕ್ಕೆ ಬರುತ್ತದೆ. ಪಿವೋಟನ್ನು ಮುಂದಿನ ಚೈನ್‌ರಿಂಗಿನ (ಪೆಡಲ್ ಜೊತೆ ತಿರುಗುವ ಹಲ್ಲುಚಕ್ರದ) ಮೇಲ್ಭಾಗದ ಎತ್ತರಕ್ಕೆ ಹತ್ತಿರ ಇಟ್ಟರೆ ತುಳಿತ ಸಸ್ಪೆನ್ಷನ್ನನ್ನು ಅಷ್ಟಾಗಿ ಕದಲಿಸುವುದಿಲ್ಲ. ಇನ್ನೂ ಮೇಲಕ್ಕೆ ಒಯ್ದರೆ ಚಕ್ರ ಹಿಂದಕ್ಕೆ ಸರಿದು ಕಲ್ಲನ್ನು ಚೆನ್ನಾಗಿ ದಾಟುತ್ತದೆ, ಆದರೆ ಪೆಡಲ್ ಒದೆಯುತ್ತದೆ. ಮೋಟರ್‌ಸೈಕಲ್ಲಿನಲ್ಲಿ ಗೇರ್‌ಬಾಕ್ಸಿನ ಬೇರಿಂಗು ತಿನ್ನುತ್ತಿದ್ದ ಪೆಟ್ಟನ್ನು ಇಲ್ಲಿ ಮಂಡಿ ತಿನ್ನುತ್ತದೆ.

ಎರಡೂ ವಾಹನಗಳು ಒಂದಕ್ಕೊಂದು ಹತ್ತಿರವಾಗುತ್ತಿರುವುದು ಹ್ಯಾಂಡಲಿನ ಕೋನದಲ್ಲೂ ಕಾಣುತ್ತದೆ. 1990ರ ಮೌಂಟನ್ ಬೈಕಿನಲ್ಲಿ ಹ್ಯಾಂಡಲ್ ತಿರುಗುವ ಟ್ಯೂಬು ನೆಲಕ್ಕೆ 71 ಡಿಗ್ರಿ ಇತ್ತು. ಇವತ್ತಿನ ಡೌನ್‌ಹಿಲ್ ಸೈಕಲ್ 63ರ ಆಸುಪಾಸು. ಮೋಟೋಕ್ರಾಸ್ ಗಾಡಿಯೂ 63ರ ಹತ್ತಿರವೇ.

ಇನ್ನು ಲೋಹ. ಮೋಟರ್‌ಸೈಕಲ್ ಕಾಲದ್ದು ಕ್ರೋಮಿಯಂ-ಮಾಲಿಬ್ಡಿನಂ ಉಕ್ಕಿನ ಟ್ಯೂಬು. ಹಳೆಯ ಫ್ರೇಮು ಕೈಗೆ ಬಂದರೆ ಬಣ್ಣ ತೆಗೆಸಿ, ಸ್ಟೀರಿಂಗ್ ತಲೆಯ ಕೆಳಗಿನ ಬೆಸುಗೆ, ಪಿವೋಟಿನ ಸುತ್ತ, ಷಾಕ್ ಕೂರುವ ಬುಡ ಈ ಮೂರು ಕಡೆ ಬಿರುಕು ಹುಡುಕಿ. ಕೆಂಪು ಡೈ ಪರೀಕ್ಷೆ ಮನೆಯಲ್ಲೇ ಸಾಧ್ಯ: ಎಣ್ಣೆಯ ಜಿಡ್ಡು ಪೂರ್ತಿ ತೆಗೆಯಿರಿ, ಡೈ ಸಿಂಪಡಿಸಿ 15 ನಿಮಿಷ ಬಿಡಿ, ಬಟ್ಟೆಗೆ ಕ್ಲೀನರ್ ಹಾಕಿ ಒರೆಸಿ, ಬಿಳಿ ಡೆವಲಪರ್ ಹೊಡೆದು 10 ನಿಮಿಷ ಕಾಯಿರಿ. ಬಿರುಕಿದ್ದಲ್ಲಿ ಕೆಂಪು ಗೆರೆ ಮೂಡುತ್ತದೆ. ಕ್ಲೀನರನ್ನು ನೇರವಾಗಿ ಫ್ರೇಮಿನ ಮೇಲೆ ಸಿಂಪಡಿಸಬೇಡಿ, ಬಿರುಕಿನ ಒಳಗಿನ ಡೈಯೂ ತೊಳೆದುಹೋಗುತ್ತದೆ. ಬಿರುಕು ಸಿಕ್ಕರೆ ಅದರ ತುದಿಯಲ್ಲಿ 3 ಮಿ.ಮೀ. ತೂತು ಕೊರೆದು ಮುಂದುವರಿಯದಂತೆ ಮಾಡಿ, ವಿ ಆಕಾರಕ್ಕೆ ತೀಡಿ, ಟಿಗ್ ಬೆಸುಗೆ ಹಾಕಿಸಿ, ತಾನಾಗಿ ತಣ್ಣಗಾಗಲು ಬಿಡಿ. ನೀರು ಸುರಿದರೆ ಬೆಸುಗೆಯ ಅಂಚು ಗಾಜಿನಂತೆ ಪೆಡಸಾಗಿ ಮತ್ತೆ ಅಲ್ಲೇ ಒಡೆಯುತ್ತದೆ.

ಅಲ್ಯೂಮಿನಿಯಂ ಫ್ರೇಮಿಗೆ ಈ ಕ್ರಮ ಹೊಂದುವುದಿಲ್ಲ. 6061 ಮಿಶ್ರಲೋಹಕ್ಕೆ ಬೆಸುಗೆ ಹಾಕಿದರೆ ಆ ಜಾಗದ ಶಕ್ತಿ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಇಡೀ ಫ್ರೇಮನ್ನು ಸುಮಾರು 530 ಡಿಗ್ರಿ ಸೆಲ್ಸಿಯಸ್ಸಿಗೆ ಕಾಯಿಸಿ, ತಟ್ಟನೆ ತಣಿಸಿ, ಮತ್ತೆ 160-175 ಡಿಗ್ರಿಯಲ್ಲಿ ಗಂಟೆಗಟ್ಟಲೆ ಇಟ್ಟರೆ ಮಾತ್ರ ಮರಳುತ್ತದೆ. 7020 ಎಂಬ ಇನ್ನೊಂದು ಮಿಶ್ರಲೋಹ ಬೆಸುಗೆಯ ನಂತರ ತಾನಾಗಿಯೇ ಕೋಣೆಯ ಶಾಖದಲ್ಲಿ ವಾರಗಳ ಅವಧಿಯಲ್ಲಿ ಬಹುಮಟ್ಟಿಗೆ ಗಟ್ಟಿಯಾಗುತ್ತದೆ. ಯಾವ ಲೋಹ ಎಂದು ತಯಾರಕರನ್ನು ಕೇಳದೆ ಬೆಸುಗೆಯವನ ಹತ್ತಿರ ಹೋಗಲೇಬೇಡಿ.

ಲಿಂಕಿನ ಬೇರಿಂಗುಗಳು ಪೂರ್ತಿ ಸುತ್ತುವುದಿಲ್ಲ, ಹತ್ತಿಪ್ಪತ್ತು ಡಿಗ್ರಿ ಹಿಂದೆ ಮುಂದೆ ಆಡುತ್ತವೆ ಅಷ್ಟೇ. ಪ್ರತಿ ಪೆಟ್ಟೂ ಅದೇ ಗುಂಡು, ಅದೇ ಜಾಗಕ್ಕೆ ಬಿದ್ದು ಅಲ್ಲಿ ಗುಳಿ ಬೀಳುತ್ತದೆ. ಅದಕ್ಕೇ ಇಲ್ಲಿ ಪಂಜರವಿಲ್ಲದ, ಸುತ್ತಲೂ ಗುಂಡು ತುಂಬಿದ ಬೇರಿಂಗೇ ಬೇಕು, ಒಳಗೆ ಗ್ರೀಸು ಪೂರ್ತಿ ತುಂಬಿರಬೇಕು. ಪ್ರತಿ ಕೀಲಿನಲ್ಲಿ 0.1 ಮಿ.ಮೀ. ಸಡಿಲವಾದರೆ ನಾಲ್ಕು ಕೀಲು ಸೇರಿ 0.4, ಅನುಪಾತದಿಂದ ಗುಣಿಸಿದರೆ ಚಕ್ರದಲ್ಲಿ ಒಂದು ಮಿ.ಮೀ. ಆಟ. ಸೀಟು ಹಿಡಿದು ಮೆಲ್ಲಗೆ ಎತ್ತಿದಾಗ ಟಕ್ ಅಂತ ಕೇಳುವುದು ಅದೇ.

ಎಂಜಿನ್ನಿನ ಬಗ್ಗೆ ಎರಡೇ ಮಾತು. ವರ್ಷಗಟ್ಟಲೆ ನಿಂತ ಟೂ-ಸ್ಟ್ರೋಕನ್ನು ಕ್ರ್ಯಾಂಕ್ ಸೀಲ್ (ಎಂಜಿನ್ನಿನ ಮುಖ್ಯ ಶಾಫ್ಟಿನ ಸುತ್ತ ಗಾಳಿ ತಡೆಯುವ ಉಂಗುರ) ಪರೀಕ್ಷಿಸದೆ ಓಡಿಸಬೇಡಿ. ಇನ್‌ಲೆಟ್, ಎಕ್ಸಾಸ್ಟ್ ಎರಡನ್ನೂ ಮುಚ್ಚಿ 0.4 ಬಾರ್ ಗಾಳಿ ತುಂಬಿ. ಕೆಲವು ನಿಮಿಷ ನಿಲ್ಲದಿದ್ದರೆ ಸೋಪಿನ ನೀರು ಹಚ್ಚಿ ಸೋರುವ ಜಾಗ ಹುಡುಕಿ. ಸೀಲು ಗಾಳಿ ಎಳೆದರೆ ಪೆಟ್ರೋಲಿನ ಪ್ರಮಾಣ ಕಮ್ಮಿಯಾಗಿ ಪಿಸ್ಟನ್ ಸೀಜ್ ಆಗುತ್ತದೆ. ಇನ್ನು ಹಳೆಯ ಪುಸ್ತಕದ 5 ಶೇಕಡಾ ಆಯಿಲ್, ಅಂದರೆ 5 ಲೀಟರಿಗೆ 250 ಮಿ.ಲೀ., ಆ ಕಾಲದ ಖನಿಜ ಎಣ್ಣೆಗೆ ಹೇಳಿದ್ದು. ಒಳ್ಳೆಯ ಸಿಂಥೆಟಿಕ್ ಹಾಕಿದರೆ ಸುಮಾರು 165 ಮಿ.ಲೀ. ಸಾಕು, ಆದರೆ ಆಯಿಲ್ ಬದಲಿಸಿದ ಮೇಲೆ ಕಾರ್ಬೊರೇಟರಿನ ಜೆಟ್ಟನ್ನು (ಪೆಟ್ರೋಲ್ ಬರುವ ಸಣ್ಣ ತೂತನ್ನು) ಮತ್ತೆ ನೋಡಲೇಬೇಕು. ಎಥನಾಲ್ ಬೆರೆತ ಪೆಟ್ರೋಲನ್ನು ಫೈಬರ್‌ಗ್ಲಾಸ್ ಟ್ಯಾಂಕಿನಲ್ಲಿ ಬಿಡಬೇಡಿ. ರಾಳ ಕರಗಿ ಜೆಟ್ಟಿನಲ್ಲಿ ಅಂಟುತ್ತದೆ.

ಕೊನೆಯಲ್ಲಿ ಒಂದು ಪ್ರಶ್ನೆ: ಹಳೆಯ ಸ್ಕ್ಯಾರಬ್ ಕೊಳ್ಳುವುದಾದರೆ ಮೊದಲು ಏನು ನೋಡಬೇಕು? ಎಂಜಿನ್ ಅಲ್ಲ. ಸಾಕ್ಸ್ ಎಂಜಿನ್ನುಗಳನ್ನು ಎಷ್ಟೋ ಕಂಪನಿಗಳು ಹಾಕಿದ್ದರಿಂದ ಅದರ ಪಿಸ್ಟನ್ನು, ಸೀಲು, ಬೇರಿಂಗು ಯೂರೋಪಿನಲ್ಲಿ ಹುಡುಕಿದರೆ ಸಿಗುತ್ತವೆ. ಫ್ರೇಮು, ಸ್ವಿಂಗ್‌ಆರ್ಮು, ಲಿಂಕಿದ್ದರೆ ಲಿಂಕು ಈ ಮನೆಯವು, ಬೇರೆಲ್ಲೂ ಸಿಗುವುದಿಲ್ಲ. ಹಿಂದಿನ ಚಕ್ರ ಕಳಚಿಸಿ, ಪಿವೋಟ್ ಬೋಲ್ಟನ್ನು ಹೊರಗೆಳೆಯಿಸಿ. ಸುಲಭವಾಗಿ ಬಂದರೆ ಯಾರೋ ಗ್ರೀಸು ಹಾಕುತ್ತ ಬಂದಿದ್ದಾರೆ. ತುಕ್ಕು ಹಿಡಿದು ಜಗ್ಗದಿದ್ದರೆ, ಆ ಬೋಲ್ಟು ಕತ್ತರಿಸಿ ತೆಗೆದು ಲೇತಿನಲ್ಲಿ ಹೊಸ ಬುಷ್ ಮಾಡಿಸಿ ಹಾಕುವ ಖರ್ಚನ್ನು ಬೆಲೆಯಲ್ಲಿ ಕಳೆದು ಮಾತಾಡಿ.